ಶಾಂಪೇನ್ ಸೀಮೆಯ ಸಣ್ಣ ಬೆಳೆಗಾರರು ಮತ್ತು ಅವರ ವೈನ್

ದ್ರಾಕ್ಷಿ ಬೆಳೆಯುವವನು ಒಬ್ಬ, ಅದರಿಂದ ವೈನ್ ತಯಾರಿಸಿ ಹೆಸರು ಗಳಿಸುವವನು ಮತ್ತೊಬ್ಬ. ಇದು ಬಹುತೇಕ ಎಲ್ಲ ದೇಶಗಳಲ್ಲಿ ನಡೆದು ಬಂದಿರುವ ಪದ್ಧತಿ. ಕಬ್ಬನ್ನು ಕಾರ್ಖಾನೆಗೆ ಸಾಗಿಸುವುದೋ, ಆಲೆಮನೆ ಹೂಡಿ ಬೆಲ್ಲ ಮಾಡುವುದೋ ಎಂದು ಮಂಡ್ಯದ ಕಡೆಯ ರೈತರು ಪ್ರತಿ ವರ್ಷ ಲೆಕ್ಕ ಹಾಕುವಂತೆ, ದ್ರಾಕ್ಷಿ ಬೆಳೆಯುವ ನಾಡುಗಳ ರೈತರೂ ಹಣ್ಣನ್ನು ತೂಕಕ್ಕೆ ಮಾರುವುದೋ, ತಾವೇ ವೈನ್ ಮಾಡಿ ಬಾಟಲಿಗೆ ತುಂಬುವುದೋ ಎಂಬ ಪ್ರಶ್ನೆಯನ್ನು ಎದುರಿಸುತ್ತಾರೆ. ಈ ಪ್ರಶ್ನೆ ಎಷ್ಟು ದೊಡ್ಡದು, ಅದಕ್ಕೆ ಸಣ್ಣ ಹಿಡುವಳಿದಾರರು ಯಾವ ಉತ್ತರ ಕಂಡುಕೊಂಡರು ಎಂಬುದನ್ನು ತಿಳಿಯಲು ಫ್ರಾನ್ಸ್ ದೇಶದ ಶಾಂಪೇನ್ ಸೀಮೆ ಒಳ್ಳೆಯ ಉದಾಹರಣೆ.

ಪ್ರದೇಶ ಮತ್ತು ಹಿಡುವಳಿ

ಶಾಂಪೇನ್ ಎಂಬುದು ಮೊದಲು ಒಂದು ಸೀಮೆಯ ಹೆಸರು, ಅನಂತರ ಅಲ್ಲಿ ತಯಾರಾಗುವ ನೊರೆಯುಕ್ಕುವ ವೈನ್‌ನ ಹೆಸರು. ಈ ಸೀಮೆ ಪ್ಯಾರಿಸ್ ನಗರದ ಪೂರ್ವಕ್ಕೆ, ರೇಮ್ಸ್ ಮತ್ತು ಎಪರ್ನೆ ಪಟ್ಟಣಗಳ ಸುತ್ತಮುತ್ತ ಹಬ್ಬಿದೆ. ದ್ರಾಕ್ಷಿ ತೋಟಗಳ ವಿಸ್ತೀರ್ಣ ಸುಮಾರು 34,000 ಹೆಕ್ಟೇರ್. ವರ್ಷದ ಸರಾಸರಿ ಉಷ್ಣಾಂಶ 11 ಡಿಗ್ರಿ ಸೆಲ್ಸಿಯಸ್‌ನಷ್ಟು ಮಾತ್ರ; ದ್ರಾಕ್ಷಿ ಹಣ್ಣಾಗುವುದೇ ಕಷ್ಟವೆನ್ನುವಷ್ಟು ಚಳಿ. ಏಪ್ರಿಲ್ ತಿಂಗಳಲ್ಲಿ ಚಿಗುರು ಬಿಟ್ಟ ಮೇಲೆ ಒಂದು ರಾತ್ರಿ ಹಿಮ ಬಿದ್ದರೆ ವರ್ಷದ ಫಸಲು ಸುಟ್ಟುಹೋಗಬಹುದು. ಆದರೆ ಮೇಲ್ಮಣ್ಣಿನ ಅಡಿಯಲ್ಲಿ ಸೀಮೆಸುಣ್ಣದಂಥ ಬಿಳಿಯ ಮೆದು ಕಲ್ಲಿನ ಪದರವಿದ್ದು, ಅದು ಮಳೆಯ ನೀರನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ಬೇರುಗಳಿಗೆ ಒದಗಿಸುತ್ತದೆ. ನಮ್ಮ ಒಳನಾಡಿನಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಎರಡು ಬಾರಿ ಚಾಟನಿ ಮಾಡುವ ರೂಢಿಯಿದ್ದರೆ, ಅಲ್ಲಿ ಚಳಿಗಾಲದಲ್ಲಿ ಒಂದೇ ಚಾಟನಿ. ಕೊಯ್ಲು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ.

ಮುಖ್ಯವಾಗಿ ಮೂರು ತಳಿಗಳನ್ನು ಬೆಳೆಯುತ್ತಾರೆ. ಪಿನೊ ನ್ವಾರ್ ಮತ್ತು ಮ್ಯೂನಿಯೆ ಕಪ್ಪು ಹಣ್ಣಿನ ತಳಿಗಳು, ಶಾರ್ಡೊನೆ ಬಿಳಿ ಹಣ್ಣಿನದು. ಮ್ಯೂನಿಯೆ ತಡವಾಗಿ ಚಿಗುರುವುದರಿಂದ ಹಿಮದ ಕಾಟವಿರುವ ಮಾರ್ನ್ ನದಿಯ ಕಣಿವೆಯಲ್ಲಿ ಹೆಚ್ಚು ಪ್ರಚಲಿತ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ತೋಟಗಳಲ್ಲಿ ಸುಮಾರು ಶೇಕಡ 90 ಭಾಗ ಹದಿನಾರು ಸಾವಿರದಷ್ಟು ಬೆಳೆಗಾರ ಕುಟುಂಬಗಳ ಕೈಯಲ್ಲಿದೆ. ಸರಾಸರಿ ತೆಗೆದರೆ ಕುಟುಂಬಕ್ಕೆ ಎರಡು ಹೆಕ್ಟೇರ್, ಅಂದರೆ ಐದು ಎಕರೆ. ಅದೂ ಒಂದೇ ಕಡೆ ಇರುವುದಿಲ್ಲ. ಪಿತ್ರಾರ್ಜಿತ ಪಾಲಿನಿಂದ ತುಂಡುತುಂಡಾಗಿ ಮೂರು ನಾಲ್ಕು ಗ್ರಾಮಗಳಲ್ಲಿ ಹರಡಿರುತ್ತದೆ. ಇಷ್ಟಾದರೂ ಜಗತ್ತಿನಲ್ಲಿ ಮಾರಾಟವಾಗುವ ಶಾಂಪೇನ್ ಬಾಟಲಿಗಳಲ್ಲಿ ಶೇಕಡ 70ಕ್ಕೂ ಹೆಚ್ಚು, ರೇಮ್ಸ್ ಮತ್ತು ಎಪರ್ನೆಯ ವರ್ತಕ ಮನೆತನಗಳ ಮತ್ತು ಕಂಪನಿಗಳ ಹೆಸರಿನಲ್ಲಿ ಹೋಗುತ್ತವೆ. ಭೂಮಿ ಒಬ್ಬರದು, ಹೆಸರು ಇನ್ನೊಬ್ಬರದು.

1911ರ ದಂಗೆ

ಈ ಪರಿಸ್ಥಿತಿ ಒಮ್ಮೆ ರಕ್ಷಣಾ ಪಡೆಯನ್ನು ಕರೆಸುವ ಮಟ್ಟಕ್ಕೆ ಹೋಗಿತ್ತು. 1890ರ ದಶಕದಿಂದ ಫಿಲೊಕ್ಸೆರ ಎಂಬ ಬೇರು ಹೇನು ತೋಟಗಳನ್ನು ತಿನ್ನುತ್ತಾ ಬಂದಿತು. 1910ರಲ್ಲಿ ಹಿಮ, ಆಲಿಕಲ್ಲು, ಬೂಜು ರೋಗ ಎಲ್ಲವೂ ಒಟ್ಟಿಗೆ ಬಂದು ಫಸಲು ಹೆಚ್ಚುಕಡಿಮೆ ನೆಲಕಚ್ಚಿತು. ಫಸಲು ಕಡಿಮೆಯಾದಾಗ ಬೆಲೆ ಏರಬೇಕು, ಏರಲಿಲ್ಲ. ಕೆಲವು ವರ್ತಕರು ಲ್ವಾರ್ ಕಣಿವೆ ಮತ್ತು ದಕ್ಷಿಣ ಫ್ರಾನ್ಸಿನ ಅಗ್ಗದ ವೈನ್ ತರಿಸಿ, ಅದನ್ನೇ ಶಾಂಪೇನ್ ಎಂದು ಮಾರುತ್ತಿದ್ದರು. 1911ರ ಜನವರಿಯಲ್ಲಿ ರೈತರು ಹೊರಗಿನ ವೈನ್ ತುಂಬಿದ ಗಾಡಿಗಳನ್ನು ತಡೆದು ಪೀಪಾಯಿಗಳನ್ನು ಮಾರ್ನ್ ನದಿಗೆ ಸುರಿದರು. ಏಪ್ರಿಲ್‌ನಲ್ಲಿ ಆಯಿ ಎಂಬ ಊರಿನಲ್ಲಿ ವರ್ತಕರ ಕಟ್ಟಡಗಳಿಗೆ ಬೆಂಕಿ ಬಿತ್ತು, ಸೈನ್ಯ ಬಂದಿಳಿಯಿತು.

ಈ ಎರಡನೆಯ ಗಲಭೆಯ ಹಿಂದೆ ಇನ್ನೊಂದು ಜಗಳವೂ ಇತ್ತು. ದಕ್ಷಿಣದ ಓಬ್ ಜಿಲ್ಲೆಯ ಬೆಳೆಗಾರರೂ ಶಾಂಪೇನ್ ಸೀಮೆಗೆ ಸೇರಿದವರೇ ಅಲ್ಲವೇ ಎಂಬುದು ಆ ಜಗಳ. ಬಡ ರೈತರು ಬಡ ರೈತರ ಮೇಲೆಯೇ ತಿರುಗಿಬಿದ್ದ ಪ್ರಸಂಗವಿದು. 1927ರ ಕಾನೂನು ಓಬ್ ಜಿಲ್ಲೆಯನ್ನು ಸೇರಿಸಿಕೊಂಡು ಗಡಿಯನ್ನು ಗೊತ್ತುಪಡಿಸಿತು. 1936ರಲ್ಲಿ ಶಾಂಪೇನ್ ಹೆಸರಿಗೆ ಮೂಲಸ್ಥಾನದ ಕಾನೂನು ರಕ್ಷಣೆ ದೊರೆಯಿತು. 1941ರಲ್ಲಿ ಬೆಳೆಗಾರರೂ ವರ್ತಕರೂ ಸಮಾನ ಸ್ಥಾನ ಹೊಂದಿರುವ ಒಂದು ಜಂಟಿ ಸಮಿತಿ ಸ್ಥಾಪನೆಯಾಯಿತು; ಹೆಕ್ಟೇರಿಗೆ ಎಷ್ಟು ಹಣ್ಣು ಕೊಯ್ಯಬಹುದು ಎಂಬುದನ್ನು ಇಂದಿಗೂ ವರ್ಷವರ್ಷ ಚರ್ಚಿಸುವ ವೇದಿಕೆ ಅದೇ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ವರ್ತಕರು ಖರೀದಿ ಕಡಿಮೆ ಮಾಡಿದಾಗ, ಹಣ್ಣು ಉಳಿಸಿಕೊಂಡು ಏನು ಮಾಡುವುದೆಂದು ತಿಳಿಯದ ಬೆಳೆಗಾರರಲ್ಲಿ ಕೆಲವರು ತಾವೇ ವೈನ್ ಮಾಡಿ ಬಾಟಲಿ ತುಂಬತೊಡಗಿದರು. ಇನ್ನು ಕೆಲವರು ಸಹಕಾರ ಸಂಘ ಕಟ್ಟಿಕೊಂಡರು. ಸಣ್ಣ ಬೆಳೆಗಾರರ ಶಾಂಪೇನ್ ಹೀಗೆ ಕಷ್ಟಕಾಲದಲ್ಲಿ ಬೇರು ಬಿಟ್ಟಿತು.

ತಯಾರಿಕೆಯ ವಿಧಾನ

ಹಣ್ಣನ್ನು ಕೈಯಿಂದಲೇ ಕೊಯ್ಯಬೇಕೆಂಬ ನಿಯಮವಿದೆ. ಗೊಂಚಲುಗಳು ಒಡೆಯದೆ ಇಡಿಯಾಗಿ ಪ್ರೆಸ್ ಸೇರಬೇಕು, ಇಲ್ಲವಾದರೆ ಕಪ್ಪು ಹಣ್ಣಿನ ಸಿಪ್ಪೆಯ ಬಣ್ಣ ರಸಕ್ಕೆ ಇಳಿಯುತ್ತದೆ. 4,000 ಕಿಲೋ ಹಣ್ಣಿನಿಂದ 2,550 ಲೀಟರ್ ರಸ ಮಾತ್ರ ತೆಗೆಯಬಹುದು. ಅದರಲ್ಲೂ ಮೊದಲು ಬರುವ 2,050 ಲೀಟರ್ ಉತ್ತಮವಾದುದು. ಕೊನೆಯ 500 ಲೀಟರ್ ಎರಡನೆಯ ದರ್ಜೆಯದು. ಇದಕ್ಕಿಂತ ಹೆಚ್ಚು ಹಿಂಡಿದ ರಸವನ್ನು ಶಾಂಪೇನ್‌ಗೆ ಉಪಯೋಗಿಸುವಂತಿಲ್ಲ. ಲೆಕ್ಕ ಮಾಡಿದರೆ ಮುಕ್ಕಾಲು ಲೀಟರಿನ ಒಂದು ಬಾಟಲಿಗೆ ಹತ್ತಿರ ಹತ್ತಿರ 1.2 ಕಿಲೋ ಹಣ್ಣು ಬೇಕಾಗುತ್ತದೆ.

ರಸವು ಟ್ಯಾಂಕಿಯಲ್ಲಿ ಅಥವಾ ಮರದ ಪೀಪಾಯಿಯಲ್ಲಿ ಹುದುಗಿ ಹುಳಿಯಾದ ಸಾದಾ ವೈನ್ ಆಗುತ್ತದೆ. ವಸಂತ ಋತುವಿನಲ್ಲಿ ಬೇರೆ ಬೇರೆ ತೋಟಗಳ, ತಳಿಗಳ ಮತ್ತು ಕಳೆದ ವರ್ಷಗಳಿಂದ ಉಳಿಸಿದ ವೈನ್‌ಗಳನ್ನು ರುಚಿ ನೋಡಿ ಬೆರೆಸುತ್ತಾರೆ. ಅನಂತರ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಸ್ವಲ್ಪ ಯೀಸ್ಟ್ ಸೇರಿಸಿ ಬಾಟಲಿಗೆ ತುಂಬಿ, ಸೋಡಾ ಬಾಟಲಿಗೆ ಹಾಕುವಂಥ ತಗಡಿನ ಮುಚ್ಚಳ ಬಿಗಿಯುತ್ತಾರೆ. ಮುಚ್ಚಿದ ಬಾಟಲಿಯಲ್ಲಿ ಎರಡನೆಯ ಬಾರಿ ಹುದುಗುವಿಕೆ ನಡೆಯುತ್ತದೆ. ಹುಟ್ಟಿದ ಅನಿಲ ಹೊರಗೆ ಹೋಗಲಾರದೆ ವೈನ್‌ನಲ್ಲಿಯೇ ಕರಗಿ, ಒಳಗಿನ ಒತ್ತಡ 6 ವಾಯುಭಾರದಷ್ಟಾಗುತ್ತದೆ. ಬಾಟಲಿ ದಪ್ಪ ಗಾಜಿನದಾಗಿರುವುದು ಇದಕ್ಕಾಗಿಯೇ.

ಕೆಲಸ ಮುಗಿಸಿ ಸತ್ತ ಯೀಸ್ಟ್ ತಳದಲ್ಲಿ ಗಸಿಯಾಗಿ ನಿಲ್ಲುತ್ತದೆ. ಅದನ್ನು ಕೂಡಲೇ ತೆಗೆದುಬಿಡುವುದಿಲ್ಲ. ಗಸಿಯ ಜೊತೆ ತಂಪಾದ ನೆಲಮಾಳಿಗೆಯಲ್ಲಿ ಮಲಗಿದಷ್ಟೂ ವೈನ್‌ಗೆ ಹದವಾಗಿ ಸುಟ್ಟ ರೊಟ್ಟಿಯಂಥ ಪರಿಮಳ ಬರುತ್ತದೆ. ಬಾಟಲಿ ತುಂಬಿದ ಮೇಲೆ ಕನಿಷ್ಠ 15 ತಿಂಗಳು, ಅದರಲ್ಲಿ 12 ತಿಂಗಳು ಗಸಿಯ ಮೇಲೆ ಇಡಬೇಕೆಂಬುದು ನಿಯಮ. ಒಂದೇ ವರ್ಷದ ಹಣ್ಣಿನದೆಂದು ಇಸವಿ ಹಾಕಿ ಮಾರುವುದಾದರೆ 3 ವರ್ಷ. ಕಾಲ ಬಂದಾಗ ಬಾಟಲಿಗಳನ್ನು ದಿನದಿನಕ್ಕೆ ತಿರುವುತ್ತಾ ಕತ್ತು ಕೆಳಗಾಗುವಂತೆ ಓರೆ ಮಾಡುತ್ತಾರೆ. ಗಸಿ ಕತ್ತಿಗೆ ಇಳಿಯುತ್ತದೆ. ಕತ್ತನ್ನು ಅತಿ ಶೀತದ ದ್ರಾವಣದಲ್ಲಿ ಅದ್ದಿ ಮುಚ್ಚಳ ತೆಗೆದರೆ, ಹೆಪ್ಪುಗಟ್ಟಿದ ಗಸಿಯ ಗುಳಿಗೆ ಒತ್ತಡದಿಂದ ಹೊರಕ್ಕೆ ಚಿಮ್ಮುತ್ತದೆ. ಖಾಲಿಯಾದಷ್ಟು ಜಾಗಕ್ಕೆ ಸಕ್ಕರೆ ಕಲಸಿದ ವೈನ್ ತುಂಬಿ ಬಿರಡೆ ಹಾಕಿ ತಂತಿ ಕಟ್ಟುತ್ತಾರೆ.

ಆದಾಯ ಮತ್ತು ತೊಡಕು

ಐದು ಎಕರೆಯ ಬೆಳೆಗಾರನಿಗೆ ಇದು ಲಾಭದಾಯಕವೇ? ಹೆಕ್ಟೇರಿಗೆ 10,000 ಕಿಲೋ ಇಳುವರಿ ಎಂದಿಟ್ಟುಕೊಂಡರೆ ಎರಡು ಹೆಕ್ಟೇರಿನಿಂದ 20,000 ಕಿಲೋ ಹಣ್ಣು, ಅಂದರೆ ಐದು ಪ್ರೆಸ್ ತುಂಬ, 17,000 ಬಾಟಲಿ. ಇತ್ತೀಚಿನ ವರ್ಷಗಳಲ್ಲಿ ಹಣ್ಣಿನ ಬೆಲೆ ಕಿಲೋಗೆ 6 ಯೂರೊ ದಾಟಿದೆ. ಒಂದು ಬಾಟಲಿಗೆ ಬೇಕಾಗುವ ಹಣ್ಣಿಗೆ ವರ್ತಕನಿಂದ 7 ಯೂರೊ ಆಸುಪಾಸು ಸಿಕ್ಕರೆ, ಅದೇ ಹಣ್ಣಿನ ಬಾಟಲಿಯನ್ನು ಬೆಳೆಗಾರ ತನ್ನ ಮನೆಯ ಬಾಗಿಲಲ್ಲಿ 20 ಯೂರೊ ಆಸುಪಾಸಿಗೆ ಮಾರಬಲ್ಲ. ಹೆಸರು ಬಂದರೆ ಇನ್ನೂ ಹೆಚ್ಚು.

ಆದರೆ ಹಣ್ಣಿಗೆ ಒಂದು ವರ್ಷದೊಳಗೆ ಹಣ ಬರುತ್ತದೆ, ಬಾಟಲಿಗೆ ಬರುವುದಿಲ್ಲ. ಮೂರು ವರ್ಷ ಇಟ್ಟು ಮಾರುವವನ ನೆಲಮಾಳಿಗೆಯಲ್ಲಿ ಯಾವಾಗಲೂ 50,000 ಬಾಟಲಿಯಷ್ಟು ಮಾಲು ಮಲಗಿರಬೇಕು. ಪ್ರೆಸ್, ಟ್ಯಾಂಕಿ, ಗಾಜು, ಬಿರಡೆ, ಬಡ್ಡಿ ಎಲ್ಲವೂ ಅವನ ತಲೆಯ ಮೇಲೆ. ಮಾರಾಟಕ್ಕೆ ಊರೂರು ತಿರುಗಬೇಕು. 2021ರಂತೆ ಹಿಮ ಮತ್ತು ಬೂಜು ರೋಗ ಒಂದೇ ವರ್ಷ ಬಂದರೆ ಹಿಂದಿನ ವರ್ಷಗಳಿಂದ ಉಳಿಸಿಟ್ಟ ವೈನೇ ಆಧಾರ. ಇದರ ಮೇಲೆ ತೋಟದ ಭೂಮಿಯ ಬೆಲೆ ಹೆಕ್ಟೇರಿಗೆ ಸುಮಾರು 10 ಲಕ್ಷ ಯೂರೊ ಮುಟ್ಟಿದೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಪಾಲು ಕೇಳಿದಾಗ ತೋಟದಲ್ಲಿ ಉಳಿಯುವವನು ಅವರಿಗೆ ಕೊಡಬೇಕಾದ ಹಣ ಹೊಂದಿಸಲಾರ. ಆದುದರಿಂದ ಸ್ವಂತ ಬಾಟಲಿ ಮಾಡುವ ಕುಟುಂಬಗಳ ಸಂಖ್ಯೆ ಈಗ ಇಳಿಯುತ್ತಿದೆ. ಮಕ್ಕಳು ಹಣ್ಣನ್ನು ತೂಗಿ ಕೊಟ್ಟು ನಿಶ್ಚಿಂತೆಯಿಂದಿರಲು ಬಯಸುತ್ತಾರೆ. ಅವರನ್ನು ದೂರುವಂತಿಲ್ಲ.

ಈ ಲೆಕ್ಕವನ್ನು ನೋಡಿ ನಮ್ಮ ದ್ರಾಕ್ಷಿ ಬೆಳೆಗಾರರೂ ಪ್ರಯತ್ನಿಸಬಹುದಲ್ಲವೇ ಎಂದು ಕೇಳುವವರಿದ್ದಾರೆ. ಕರ್ನಾಟಕದಲ್ಲಿ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಜಾರಿಗೆ ಬಂದಿದೆ. ಆದರೆ ಪರವಾನಗಿ ಇಲ್ಲದೆ ಮಾರಾಟಕ್ಕೆ ವೈನ್ ತಯಾರಿಸುವುದು 1965ರ ಅಬಕಾರಿ ಅಧಿನಿಯಮದ ಮೇರೆಗೆ ಅಪರಾಧ ಎಂಬುದನ್ನು ಮರೆಯಬಾರದು. ಮೇಲಾಗಿ ತಳಿಯೂ ಬೇರೆ. ಭಾರತದಲ್ಲಿ ನೊರೆ ವೈನ್‌ಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಬಿಸಿಲು ತಡೆಯುವ ಶೆನಿನ್ ಬ್ಲಾಂಕ್. ಬೆಂಗಳೂರು ನೀಲಿ ದ್ರಾಕ್ಷಿಯ ಗುಣವೇ ಬೇರೆ.

ರುಚಿಯಲ್ಲಿ ವ್ಯತ್ಯಾಸ

ದೊಡ್ಡ ಕಂಪನಿ ನೂರಾರು ಗ್ರಾಮಗಳ ಹಣ್ಣು ಕೊಂಡು, ಬೆರೆಸಿ, ಪ್ರತಿ ವರ್ಷ ಒಂದೇ ರುಚಿ ಬರುವಂತೆ ಮಾಡುತ್ತದೆ. ಇದೂ ಒಂದು ವಿದ್ಯೆಯೇ, ತಾತ್ಸಾರ ಮಾಡುವಂತಿಲ್ಲ. ಸಣ್ಣ ಬೆಳೆಗಾರನಿಗೆ ಆ ಅನುಕೂಲವಿಲ್ಲ. ಅವನ ವೈನ್‌ನಲ್ಲಿ ಅವನ ಊರಿನ ಮಣ್ಣು, ಆ ವರ್ಷದ ಮಳೆ ಬಿಸಿಲು ಕಾಣಿಸುತ್ತವೆ. ಬಹಳ ಕಾಲ ಇದನ್ನು ಕೊರತೆ ಎಂದೇ ಭಾವಿಸಲಾಗಿತ್ತು.

ಈ ಅಭಿಪ್ರಾಯ ಬದಲಾಗಲು ಕಾರಣರಾದವರಲ್ಲಿ ಆವೀಜ್ ಗ್ರಾಮದ ಆನ್ಸೆಲ್ಮ್ ಸೆಲೊಸ್ ಮುಖ್ಯರು. ಬರ್ಗಂಡಿ ಸೀಮೆಯಲ್ಲಿ ವೈನ್ ತಯಾರಿಕೆಯನ್ನು ಕಲಿತ ಅವರು, ತಂದೆಯ ತೋಟಕ್ಕೆ ಮರಳಿ ಇಳುವರಿ ತಗ್ಗಿಸಿ, ಕಳೆನಾಶಕಗಳನ್ನು ಬಿಟ್ಟು, ಹಣ್ಣು ಚೆನ್ನಾಗಿ ಮಾಗಿದ ಮೇಲೆ ಕೊಯ್ದು, ರಸವನ್ನು ಓಕ್ ಮರದ ಪೀಪಾಯಿಗಳಲ್ಲಿ ಹುದುಗಿಸಿದರು. 1994ರಲ್ಲಿ ಫ್ರಾನ್ಸಿನ ಗೋ ಎ ಮಿಯೊ ಮಾರ್ಗದರ್ಶಿ ಅವರನ್ನು ದೇಶದ ಅತ್ಯುತ್ತಮ ವೈನ್ ತಯಾರಕರೆಂದು ಆರಿಸಿತು. 1990ರ ದಶಕದ ಕೊನೆಯಿಂದ ಅಮೆರಿಕದ ಆಮದುದಾರ ಟೆರಿ ಥೀಸ್ ಇಂಥ ಬೆಳೆಗಾರರ ಬಾಟಲಿಗಳನ್ನೇ ಆರಿಸಿ ತಮ್ಮ ದೇಶಕ್ಕೆ ತರಿಸತೊಡಗಿದರು. ಹೀಗೆ ಹಳ್ಳಿಯ ಹೆಸರುಗಳು ದೂರದ ಅಂಗಡಿಗಳನ್ನು ಮುಟ್ಟಿದವು.

ಲೇಬಲ್ ಓದುವ ಬಗೆ

ಬಾಟಲಿ ಯಾರದೆಂದು ತಿಳಿಯಲು ಲೇಬಲ್ಲಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿರುವ ಗುರುತನ್ನು ನೋಡಬೇಕು. ಒಂದು ಸಂಖ್ಯೆಯ ಹಿಂದೆ ಎರಡು ಅಕ್ಷರಗಳಿರುತ್ತವೆ. ಆರ್.ಎಂ. ಎಂದಿದ್ದರೆ ಬೆಳೆದವನೇ ತಯಾರಿಸಿದ್ದು. ಹೊರಗಿನಿಂದ ಅವನು ಅಬ್ಬಬ್ಬಾ ಎಂದರೆ ಶೇಕಡ 5ರಷ್ಟು ಹಣ್ಣು ಕೊಳ್ಳಬಹುದು. ಎನ್.ಎಂ. ಎಂದರೆ ಹಣ್ಣು ಕೊಂಡು ತಯಾರಿಸುವ ವರ್ತಕ. ಸಿ.ಎಂ. ಎಂಬುದು ಸಹಕಾರ ಸಂಘದ ಗುರುತು. ಎಂ.ಎ. ಎಂದಿದ್ದರೆ ಅಂಗಡಿಯವರು ಬೇರೆಯವರಿಂದ ಮಾಡಿಸಿ ತಮ್ಮ ಹೆಸರು ಅಂಟಿಸಿದ್ದು.

ಆರ್.ಸಿ. ಎಂಬ ಗುರುತಿನಲ್ಲಿ ಮೋಸಹೋಗುವವರು ಹೆಚ್ಚು. ಇದರಲ್ಲಿ ಬೆಳೆಗಾರನ ಹೆಸರೇ ಇರುತ್ತದೆ, ಆದರೆ ಅವನು ಸಂಘಕ್ಕೆ ಹಣ್ಣು ಕೊಟ್ಟು, ಸಂಘ ಎಲ್ಲರ ಹಣ್ಣು ಬೆರೆಸಿ ಮಾಡಿದ ವೈನ್ ಅನ್ನು ತನ್ನ ಲೇಬಲ್ಲಿನಲ್ಲಿ ಮಾರುತ್ತಿರುತ್ತಾನೆ. ವೈನ್ ಚೆನ್ನಾಗಿಯೇ ಇರಬಹುದು. ಅವನ ತೋಟದ್ದು ಎಂದು ಮಾತ್ರ ಹೇಳುವಂತಿಲ್ಲ. ಹಾಗೆಯೇ ಆರ್.ಎಂ. ಎಂಬುದು ತಯಾರಕ ಯಾರೆಂದು ತಿಳಿಸುತ್ತದೆಯೇ ಹೊರತು ಗುಣಮಟ್ಟದ ಮುದ್ರೆಯಲ್ಲ. ಸೋಮಾರಿ ಬೆಳೆಗಾರನ ತೆಳು ವೈನ್‌ಗೂ ಅದೇ ಎರಡಕ್ಷರ ಇರುತ್ತದೆ.

ಆದುದರಿಂದ ಹಿಂಬದಿಯ ಲೇಬಲ್ಲನ್ನೂ ಓದಬೇಕು. ಶ್ರದ್ಧೆಯ ಬೆಳೆಗಾರರು ಗ್ರಾಮದ ಹೆಸರು, ಯಾವ ತಳಿ ಎಷ್ಟು, ಗಸಿ ತೆಗೆದ ತಿಂಗಳು, ಕೊನೆಯಲ್ಲಿ ಸೇರಿಸಿದ ಸಕ್ಕರೆ ಎಷ್ಟು ಗ್ರಾಂ ಎಂಬುದನ್ನೆಲ್ಲ ಮುದ್ರಿಸುತ್ತಾರೆ. ಬ್ರೂಟ್ ಎಂದರೆ ಲೀಟರಿಗೆ 12 ಗ್ರಾಮಿಗಿಂತ ಕಡಿಮೆ ಸಕ್ಕರೆ, ಎಕ್ಸ್‌ಟ್ರಾ ಬ್ರೂಟ್ ಎಂದರೆ 6 ಗ್ರಾಮಿನೊಳಗೆ. ಸಕ್ಕರೆ ಕಡಿಮೆಯಾದಷ್ಟೂ ಹಣ್ಣಿನ ದೋಷ ಮುಚ್ಚಿಡುವುದು ಕಷ್ಟ. ಗ್ರ್ಯಾಂಡ್ ಕ್ರೂ ಎಂಬ ಮಾತು ಹಿಂದೆ ಹಣ್ಣಿಗೆ ಪೂರ್ಣ ಬೆಲೆ ದೊರೆಯುತ್ತಿದ್ದ 17 ಗ್ರಾಮಗಳಿಗೆ ಸಲ್ಲುತ್ತದೆ.

ಬೇರೆ ಸೀಮೆ ಮತ್ತು ದೇಶಗಳ ವೈನ್‌ನಲ್ಲಿಯೂ ಇಂಥ ಮಾತುಗಳುಂಟು. ಫ್ರಾನ್ಸಿನ ಇತರ ಸೀಮೆಗಳಲ್ಲಿ ತೋಟದಲ್ಲಿಯೇ ಬಾಟಲಿ ತುಂಬಿದ್ದು ಎಂಬ ಸಾಲು ಇರುತ್ತದೆ. ಜರ್ಮನಿಯಲ್ಲಿ ಗುಟ್ಸ್‌ಅಬ್‌ಫ್ಯುಲುಂಗ್ ಎಂದರೆ ತೋಟದವರೇ ಬೆಳೆದು ತುಂಬಿದ್ದು. ಎರ್‌ತ್ಸೊಯ್ಗರ್‌ಅಬ್‌ಫ್ಯುಲುಂಗ್ ಎಂದಿದ್ದರೆ ಸಹಕಾರ ಸಂಘದ್ದೂ ಆಗಿರಬಹುದು.

ಫ್ರಾನ್ಸಿನಲ್ಲಿ ಸ್ವತಂತ್ರ ಬೆಳೆಗಾರರ ಒಕ್ಕೂಟವೊಂದಿದ್ದು, ಪೀಪಾಯಿ ಹೊತ್ತ ಮನುಷ್ಯನ ಚಿತ್ರ ಅದರ ಗುರುತು. ಈ ಒಕ್ಕೂಟ ಪ್ಯಾರಿಸ್ ಮತ್ತಿತರ ನಗರಗಳಲ್ಲಿ ಮೇಳಗಳನ್ನು ನಡೆಸುತ್ತದೆ. ಮೇಜಿನ ಹಿಂದೆ ನಿಲ್ಲುವವನು ಮಾರಾಟಗಾರನಲ್ಲ, ಚಾಟನಿ ಕತ್ತರಿ ಹಿಡಿದವನೇ ಅಥವಾ ಅವನ ಮನೆಯವರು. ಗಿರಾಕಿಗಳು ರುಚಿ ನೋಡಿ, ಮಣ್ಣು ಎಂಥದು, ಯಾವ ದಿನ ಕೊಯ್ದಿರಿ ಎಂದು ಕೇಳಿ, ಪೆಟ್ಟಿಗೆಗಟ್ಟಲೆ ಕೊಂಡು ತಳ್ಳುಗಾಡಿಯಲ್ಲಿ ಸಾಗಿಸುತ್ತಾರೆ. ಮುಂದಿನ ವರ್ಷ ಅದೇ ಮೇಜು ಹುಡುಕಿಕೊಂಡು ಬರುತ್ತಾರೆ.