ಕುಜ್ನೆತ್ಸೋವ್ ಹೇಳಿಹೋದ ಮಾತು

1958ರ ಅಕ್ಟೋಬರ್ 17. ಬೀಜಿಂಗ್‌ನಿಂದ ಮಾಸ್ಕೋಗೆ ಹೊರಟಿದ್ದ ಟಿಯು-104 ಜೆಟ್ ವಿಮಾನಕ್ಕೆ ಮಂಜಿನಿಂದಾಗಿ ಮಾಸ್ಕೋದಲ್ಲಿ ಇಳಿಯಲಾಗಲಿಲ್ಲ. ಮರಳಿ ಪೂರ್ವಕ್ಕೆ ತಿರುಗಿ ಕನಾಶ್ ಪಟ್ಟಣದ ಬಳಿ 10 ಸಾವಿರ ಮೀಟರ್ ಎತ್ತರದಲ್ಲಿ ಸಾಗುತ್ತಿದ್ದಾಗ, ಕೆಳಗಿನಿಂದ ನುಗ್ಗಿದ ಗಾಳಿ ಅದನ್ನು ಸುಮಾರು 13 ಸಾವಿರ ಮೀಟರ್‌ಗೆ ಎತ್ತಿ ಒಗೆಯಿತು. ಅಲ್ಲಿಂದ ಅದು ಮೂತಿ ಕೆಳಗಾಗಿ ಬಿತ್ತು. 80 ಜನ ಸತ್ತರು.

ಬೀಳುತ್ತಿದ್ದ ಆ ಎರಡು ನಿಮಿಷ ಕ್ಯಾಪ್ಟನ್ ಹೆರಾಲ್ಡ್ ಕುಜ್ನೆತ್ಸೋವ್ ಸುಮ್ಮನಿರಲಿಲ್ಲ. ವಿಮಾನ ಹೇಗೆ ವರ್ತಿಸುತ್ತಿದೆ, ಯಾವುದು ಮಾತು ಕೇಳುತ್ತಿಲ್ಲ ಎಂಬುದನ್ನೆಲ್ಲ ರೇಡಿಯೊದಲ್ಲಿ ನೆಲಕ್ಕೆ ತಿಳಿಸುತ್ತಲೇ ಹೋದರು. ಎರಡು ತಿಂಗಳ ಹಿಂದಷ್ಟೇ, ಆಗಸ್ಟ್‌ನಲ್ಲಿ, ದೂರಪೂರ್ವದಲ್ಲಿ ಇನ್ನೊಂದು ಟಿಯು-104 ಬಿದ್ದು 64 ಜನ ತೀರಿಕೊಂಡಿದ್ದರು. ಏಕೆಂದು ಯಾರಿಗೂ ಖಚಿತವಾಗಿರಲಿಲ್ಲ.

ಆಂದ್ರೇ ತುಪೊಲೆವ್ ಅವರ ವಿನ್ಯಾಸ ಕಚೇರಿ ಈ ವಿಮಾನವನ್ನು ಟಿಯು-16 ಬಾಂಬರ್‌ನಿಂದ ರೂಪಿಸಿತ್ತು. ಅದೇ ರೆಕ್ಕೆ, ಅದೇ ಬಾಲ, ರೆಕ್ಕೆಯ ಬುಡದಲ್ಲಿ ಅದೇ ಎರಡು ಮಿಕುಲಿನ್ ಎಂಜಿನ್. ಪ್ರಯಾಣಿಕರಿಗಾಗಿ ಒಡಲು ಮಾತ್ರ ಹೊಸದು, ಅಗಲ. ನ್ಯಾವಿಗೇಟರ್ ಕೂರುವ ಗಾಜಿನ ಮೂತಿ ಹಾಗೇ ಉಳಿಯಿತು. ಎಂಜಿನ್‌ಗೆ ಹಿಮ್ಮುಖ ಒತ್ತಡ ಕೊಡುವ ವ್ಯವಸ್ಥೆ ಇರಲಿಲ್ಲವಾದ್ದರಿಂದ, ಇಳಿದ ಮೇಲೆ ನಿಲ್ಲಿಸಲು ಬಾಲದಿಂದ ಪ್ಯಾರಾಚೂಟ್ ಬಿಚ್ಚಬೇಕಿತ್ತು. 1955ರ ಜೂನ್‌ನಲ್ಲಿ ಮೊದಲ ಹಾರಾಟ. ಮರುವರ್ಷ ಮಾರ್ಚ್‌ನಲ್ಲಿ ಅದು ಲಂಡನ್‌ನಲ್ಲಿ ಇಳಿದಾಗ ಬ್ರಿಟಿಷರು ಬೆರಗಾದರು. ಅವರದೇ ಕಾಮೆಟ್ ಜೆಟ್, ಒಡಲು ಬಿರುಕುಬಿಟ್ಟ ಅವಘಡಗಳಿಂದಾಗಿ, ಸೇವೆಯಿಂದ ಹಿಂದೆ ಸರಿದಿತ್ತು. 1956ರ ಸೆಪ್ಟೆಂಬರ್ 15ರಿಂದ ಮಾಸ್ಕೋ–ಇರ್ಕುತ್ಸ್ಕ್ ಸೇವೆ. ಮುಂದಿನ ಎರಡು ವರ್ಷ ಜಗತ್ತಿನಲ್ಲಿ ನಿಯಮಿತವಾಗಿ ಪ್ರಯಾಣಿಕರನ್ನು ಒಯ್ಯುತ್ತಿದ್ದ ಜೆಟ್ ಇದೊಂದೇ. ಈ ಸಾಧನೆಯನ್ನು ಸಣ್ಣದೆನ್ನಲಾಗದು.

ಆದರೆ ಅಷ್ಟು ಎತ್ತರದ ಗಾಳಿಯ ಗುಣ ಆಗ ಸರಿಯಾಗಿ ತಿಳಿದಿರಲಿಲ್ಲ. ಗಾಳಿ ತೆಳುವಾದಷ್ಟೂ ವಿಮಾನ ಮೇಲೆ ನಿಲ್ಲಲು ಹೆಚ್ಚು ವೇಗ ಬೇಕು. ಅತಿವೇಗವಾದರೆ ಶಬ್ದದ ವೇಗದ ಸನಿಹದ ಕಂಪನ ಶುರು. ಈ ಎರಡು ಮಿತಿಗಳ ನಡುವಿನ ದಾರಿ ಮೇಲೇರಿದಂತೆಲ್ಲ ಕಿರಿದಾಗುತ್ತದೆ. ಅಂಥಲ್ಲಿ ಕೆಳಗಿನಿಂದ ಗಾಳಿ ಹೊಡೆದರೆ ರೆಕ್ಕೆ ಗಾಳಿಯನ್ನು ಎದುರಿಸುವ ಕೋನ ಹಠಾತ್ತನೆ ಹೆಚ್ಚುತ್ತದೆ. ಹಿಂದಕ್ಕೆ ಬಾಗಿದ ರೆಕ್ಕೆಯಲ್ಲಿ ಮೊದಲು ಸೋಲುವುದು ತುದಿ. ತುದಿ ಇರುವುದು ಹಿಂದೆ. ಅಲ್ಲಿನ ಎತ್ತುವ ಬಲ ಹೋದೊಡನೆ ಮೂತಿ ಇನ್ನಷ್ಟು ಮೇಲೇಳುತ್ತದೆ. ಅದನ್ನು ತಗ್ಗಿಸಬೇಕಾದ ಬಾಲದ ಎಲಿವೇಟರ್‌ಗೆ ಟಿಯು-104ರಲ್ಲಿ ಅಷ್ಟು ಶಕ್ತಿ ಇರಲಿಲ್ಲ. ಪೈಲಟ್ ಸ್ಟಿಕ್ಕನ್ನು ಪೂರ್ತಿ ಮುಂದಕ್ಕೆ ತಳ್ಳಿದರೂ ಸಾಲದು.

ಕುಜ್ನೆತ್ಸೋವ್ ಹೇಳಿದ್ದರಿಂದಲೇ ಇದು ಬೆಳಕಿಗೆ ಬಂತು. ಬಾಲದ ಅಡ್ಡರೆಕ್ಕೆಯ ಕೋನ ಬದಲಾಯಿತು, ಎಲಿವೇಟರ್ ಹೆಚ್ಚು ತಿರುಗುವಂತಾಯಿತು, ಹಾರಾಟದ ಎತ್ತರಕ್ಕೆ ಮಿತಿ ಬಿತ್ತು. ಆಮೇಲೆ ಆ ವಿಮಾನಗಳಲ್ಲಿ ಕೂತು ಮನೆ ತಲುಪಿದ ಲಕ್ಷಾಂತರ ಜನರಲ್ಲಿ ಆತನ ಹೆಸರು ಕೇಳಿದ್ದವರು ತೀರಾ ಕಡಿಮೆ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಸುಮಾರು 200 ವಿಮಾನಗಳು ತಯಾರಾದವು. ಹೊರಗಿನವರಲ್ಲಿ ಕೊಂಡದ್ದು ಜೆಕೊಸ್ಲೊವಾಕಿಯಾ ಒಂದೇ. ಸೋವಿಯತ್ ವಿಮಾನಸಂಸ್ಥೆ ಏರೋಫ್ಲೋಟ್ 1979ರಲ್ಲಿ ಇದನ್ನು ಕೈಬಿಟ್ಟಿತು, ಸೇನೆ ಬಿಡಲಿಲ್ಲ. 1981ರ ಫೆಬ್ರವರಿ 7ರಂದು ಲೆನಿನ್‌ಗ್ರಾದ್ ಬಳಿಯ ಪುಷ್ಕಿನ್‌ನಲ್ಲಿ, ಹಿಂಬದಿಗೆ ಭಾರ ಹೆಚ್ಚಾಗಿದ್ದ ಒಂದು ಟಿಯು-104 ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಮೂತಿ ಎತ್ತಿ ಮಗುಚಿತು. ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥರೂ ಸೇರಿ ಒಳಗಿದ್ದವರೆಲ್ಲ ಮಡಿದರು. ಅಲ್ಲಿಗೆ ಸೇನೆಯೂ ಅದನ್ನು ಸೇವೆಯಿಂದ ತೆಗೆಯಿತು.