ಅಟಾರ್ನಿ ಜನರಲ್ ಮತ್ತು ಶಾಸನಸಭೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವಾಷಿಂಗ್ಟನ್ ಎಂಬ ಹೆಸರಿನವುಗಳಲ್ಲಿ ಮುಖ್ಯವಾದವು ಎರಡು. ಒಂದು ಅಧ್ಯಕ್ಷರ ನಿವಾಸವಿರುವ ರಾಜಧಾನಿ; ಇನ್ನೊಂದು ಅಲ್ಲಿಂದ ಬಹುದೂರ, ಪೆಸಿಫಿಕ್ ಸಾಗರದ ಅಂಚಿನಲ್ಲಿರುವ ಸಂಸ್ಥಾನ. ಈ ಲೇಖನ ಆ ಸಂಸ್ಥಾನದ ಅಟಾರ್ನಿ ಜನರಲ್ ಎಂಬ ಅಧಿಕಾರಿಯನ್ನು ಕುರಿತದ್ದು. ಈತ ಕಾನೂನಿನ ರಕ್ಷಕ, ಆದರೆ ಕಾನೂನನ್ನು ಮಾಡಲಾರ. ಬೇಕಾದ ಕಾನೂನನ್ನು ಶಾಸನಸಭೆಯ ಬಾಗಿಲಲ್ಲಿ ನಿಂತು ಕೇಳಬೇಕು.

ಹೆಸರು ಕೇಳಿ ನಮ್ಮ ಅಡ್ವೊಕೇಟ್ ಜನರಲ್ ಅವರನ್ನು ನೆನೆಯಬಾರದು. ನಮ್ಮ ಸಂವಿಧಾನದ 165ನೆಯ ವಿಧಿಯಂತೆ ಅವರನ್ನು ನೇಮಿಸುವವರು ರಾಜ್ಯಪಾಲರು. ವಾಷಿಂಗ್ಟನ್ನಿನಲ್ಲಾದರೋ ಅಟಾರ್ನಿ ಜನರಲರನ್ನು ನಾಲ್ಕು ವರ್ಷಗಳಿಗೊಮ್ಮೆ ಜನರೇ ಚುನಾಯಿಸುತ್ತಾರೆ. ಗವರ್ನರು ಒಂದು ಪಕ್ಷ, ಇವರು ಇನ್ನೊಂದು ಪಕ್ಷ ಆಗಿರುವುದೂ ಉಂಟು. 2010ರಲ್ಲಿ ರಾಬ್ ಮೆಕೆನ್ನ ಎಂಬ ಅಟಾರ್ನಿ ಜನರಲ್ ಕೇಂದ್ರದ ಆರೋಗ್ಯ ವಿಮಾ ಕಾಯಿದೆಯ ವಿರುದ್ಧ ದಾವೆಯಲ್ಲಿ ಸೇರಿದರು. ಗವರ್ನರ್ ಕ್ರಿಸ್ಟೀನ್ ಗ್ರೆಗೋರ್ ಅದೇ ಕಾಯಿದೆಯ ಪರವಾಗಿ ನಿಂತರು!

ಅಪರಾಧಗಳ ವಿಷಯದಲ್ಲಿ ಈ ಅಧಿಕಾರಿಯ ಕೈ ನಾವು ತಿಳಿದಷ್ಟು ಉದ್ದವಲ್ಲ. ಕೊಲೆ, ದರೋಡೆಯ ಮೊಕದ್ದಮೆಗಳನ್ನು ನಡೆಸುವವರು ಆಯಾ ಕೌಂಟಿಯ ಸರಕಾರಿ ವಕೀಲರು. ಸಾಮಾನ್ಯವಾಗಿ ಅವರಾಗಲಿ ಗವರ್ನರಾಗಲಿ ಕೇಳಿಕೊಂಡರೆ ಮಾತ್ರ ಅಟಾರ್ನಿ ಜನರಲ್ ಪ್ರವೇಶಿಸಬಹುದು. ಗ್ರಾಹಕರ ವಿಷಯದಲ್ಲಿ ಹಾಗಲ್ಲ. 1961ರ ಗ್ರಾಹಕ ರಕ್ಷಣಾ ಕಾಯಿದೆ ವ್ಯಾಪಾರದಲ್ಲಿ ಅನ್ಯಾಯದ ಅಥವಾ ವಂಚನೆಯ ನಡವಳಿಕೆ ಕಾನೂನುಬಾಹಿರವೆಂದು ಸಾರಿ, ದಾವೆ ಹೂಡುವ ಅಧಿಕಾರವನ್ನು ನೇರವಾಗಿ ಇವರಿಗೆ ಕೊಟ್ಟಿದೆ. ಆದುದರಿಂದ ಇವರು ಕೋರುವ ಮಸೂದೆಗಳಲ್ಲಿ ಬಂದೂಕಿನ ಪಕ್ಕದಲ್ಲಿಯೇ ಆಸ್ಪತ್ರೆಯ ಬಿಲ್ಲೂ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ.

ಕೇಳುವ ಕ್ರಮ ಹೀಗಿದೆ. ಇವರು ಸಭೆಯ ಸದಸ್ಯರಲ್ಲ. ಮಸೂದೆಯನ್ನು ಮಂಡಿಸಲು ಒಬ್ಬ ಸದಸ್ಯರನ್ನು ಹಿಡಿಯಬೇಕು. ಅಟಾರ್ನಿ ಜನರಲರ ಕೋರಿಕೆಯ ಮೇರೆಗೆ ಎಂದು ಮಸೂದೆಯ ಮೇಲೆ ಅಚ್ಚಾಗುತ್ತದೆ. ಕೆಳಮನೆಯಲ್ಲಿ 98, ಮೇಲ್ಮನೆಯಲ್ಲಿ 49 ಸದಸ್ಯರು. ಸಾಮಾನ್ಯ ಅಧಿವೇಶನ ಬೆಸ ಸಂಖ್ಯೆಯ ವರ್ಷಗಳಲ್ಲಿ 105 ದಿನ, ಸರಿ ಸಂಖ್ಯೆಯ ವರ್ಷಗಳಲ್ಲಿ 60 ದಿನ. ಅಷ್ಟರೊಳಗೆ ಸಮಿತಿಗಳನ್ನು ದಾಟಿ ಎರಡು ಮನೆಗಳನ್ನೂ ಗೆಲ್ಲಬೇಕು. ಎರಡು ವರ್ಷ ಮುಗಿದರೆ ಮಸೂದೆ ಸತ್ತಂತೆ. ಮತ್ತೆ ಮೊದಲಿನಿಂದ ಆರಂಭ.

ಇದಕ್ಕೆ ಎಷ್ಟು ತಾಳ್ಮೆ ಬೇಕೆಂಬುದನ್ನು ಸಿಗರೇಟಿನ ಕಥೆ ತಿಳಿಸುತ್ತದೆ. 2013ರಿಂದ 2025ರ ವರೆಗೆ ಈ ಪದವಿಯಲ್ಲಿದ್ದ ಬಾಬ್ ಫರ್ಗ್ಯುಸನ್, ಹೊಗೆಸೊಪ್ಪು ಮಾರಾಟದ ವಯೋಮಿತಿಯನ್ನು 18ರಿಂದ 21ಕ್ಕೆ ಏರಿಸಬೇಕೆಂದು 2015ರಲ್ಲಿ ಕೇಳಿದರು. ಹದಿನೆಂಟರ ಹುಡುಗ ಇನ್ನೂ ಹೈಸ್ಕೂಲಿನಲ್ಲಿರುತ್ತಾನೆ, ಅವನು ಕೊಂಡ ಪೊಟ್ಟಣ ಹದಿನೈದರ ಗೆಳೆಯನ ಕೈಗೆ ಹೋಗುತ್ತದೆ, ಎಂಬುದು ಪರವಾದ ವಾದ. ತೆರಿಗೆಯ ವರಮಾನ ಇಳಿಯುತ್ತದೆ, ಯುದ್ಧಕ್ಕೆ ಹೋಗಬಲ್ಲವನಿಗೆ ಸಿಗರೇಟು ಏಕೆ ಬೇಡ, ಎಂಬುವು ಎದುರು ವಾದಗಳು. ಕೊನೆಗೆ 2019ರಲ್ಲಿ ಮಸೂದೆ ಗೆದ್ದು, 2020ರ ಜನವರಿ 1ರಿಂದ ಜಾರಿಗೆ ಬಂತು. ಅಷ್ಟು ಹೊತ್ತಿಗೆ, 2019ರ ಡಿಸೆಂಬರಿನಲ್ಲಿ, ಕೇಂದ್ರವೇ ದೇಶಕ್ಕೆಲ್ಲ 21 ಎಂದು ವಿಧಿಸಿಬಿಟ್ಟಿತ್ತು! ನಮ್ಮ ಕರ್ನಾಟಕವೂ 2024ರಲ್ಲಿ ಇದೇ ತಿದ್ದುಪಡಿಯನ್ನು ಅಂಗೀಕರಿಸಿ, 2025ರಲ್ಲಿ ರಾಷ್ಟ್ರಪತಿಗಳ ಅಂಕಿತವನ್ನು ಪಡೆದಿದೆ. ಕಾಲೇಜಿನ ಎದುರಿನ ಬೀಡಾ ಅಂಗಡಿಯನ್ನು ಬಲ್ಲ ಮಿತ್ರರು ಇದನ್ನು ಗಮನಿಸಬೇಕಾಗಿ ವಿನಂತಿ.

ಅದೇ 2019ರಲ್ಲಿ ಆಸ್ಪತ್ರೆಯ ಸಾಲವನ್ನು ಕುರಿತ ಮಸೂದೆಯೊಂದು ಸದ್ದಿಲ್ಲದೆ ಕಾನೂನಾಯಿತು. ಮೊದಲ ಬಿಲ್ಲು ಕಳುಹಿಸಿ 120 ದಿನಗಳಾಗುವ ತನಕ ಬಾಕಿಯನ್ನು ವಸೂಲಿ ಕಂಪನಿಗೆ ಒಪ್ಪಿಸಕೂಡದು. ನ್ಯಾಯಾಲಯದ ತೀರ್ಪಿಗೆ ಮುಂಚಿನ ಬಡ್ಡಿ ನೂರಕ್ಕೆ 12ರ ಬದಲು 9ನ್ನು ಮೀರಕೂಡದೆಂದು ಆಗ ವಿಧಿಸಲಾಯಿತು. ಸಾವಿರ ಡಾಲರಿಗೆ ವರ್ಷಕ್ಕೆ ಮೂವತ್ತು ಡಾಲರು ಉಳಿತಾಯ. ಪತ್ರಿಕೆಗಳ ಮುಖಪುಟಕ್ಕೆ ಇದು ಸಣ್ಣದು. ಕಾಯಿಲೆಯಿಂದ ಎದ್ದು ಕೆಲಸ ಹುಡುಕುತ್ತಿರುವವನಿಗೆ ಆ ನಾಲ್ಕು ತಿಂಗಳ ಬಿಡುವು ದೊಡ್ಡದು. ಇಂಥ ಮಸೂದೆಗಳಲ್ಲಿಯೇ ಈ ಪದವಿಯ ನಿಜವಾದ ಉಪಯೋಗವಿದೆಯೆಂದು ನನ್ನ ಎಣಿಕೆ.

ಮರಣದಂಡನೆಯನ್ನು ರದ್ದು ಮಾಡುವ ಮಸೂದೆಯನ್ನು 2017ರಲ್ಲಿ ಕೋರಿದಾಗ, ಹಿಂದೆ ಹೇಳಿದ ಮೆಕೆನ್ನ ಅವರು ಎದುರು ಪಕ್ಷದವರಾದರೂ ಫರ್ಗ್ಯುಸನ್ನರ ಪಕ್ಕದಲ್ಲಿ ನಿಂತರು. ಆದರೂ ಅದು ಆಗ ಪಾಸಾಗಲಿಲ್ಲ. 2018ರಲ್ಲಿ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವೇ ಆ ಶಿಕ್ಷೆ ವರ್ಣಭೇದದಿಂದ ಕೂಡಿದೆಯೆಂದು ತಳ್ಳಿಹಾಕಿತು. ಕಾನೂನಿನ ಪುಸ್ತಕದಿಂದ ಅದನ್ನು ಅಳಿಸಿದ್ದು 2023ರಲ್ಲಿ.

ಇವೆಲ್ಲ ನಿಸ್ವಾರ್ಥ ಸೇವೆಯೇ ಎಂದು ಕೇಳುವವರೂ ಇದ್ದಾರೆ. ಎ.ಜಿ. ಎಂದರೆ ‘ಆಸ್ಪೈರಿಂಗ್ ಗವರ್ನರ್’, ಅಂದರೆ ಗವರ್ನರಾಗಲು ಹಂಬಲಿಸುವವನು, ಎಂಬ ಹಳೆಯ ನಗೆಮಾತು ಆ ದೇಶದಲ್ಲಿದೆ. ಗ್ರೆಗೋರ್ ಈ ಪದವಿಯಿಂದಲೇ ಗವರ್ನರಾದವರು. ಮೆಕೆನ್ನ ಸ್ಪರ್ಧಿಸಿ ಸೋತರು. ಫರ್ಗ್ಯುಸನ್ 2025ರ ಜನವರಿಯಲ್ಲಿ ಗವರ್ನರಾದರು. ಜನರು ಮೆಚ್ಚುವ ಮಸೂದೆಯನ್ನೇ ಆರಿಸುವ ಆಸೆ ಇಲ್ಲದಿರಲಾರದು. ಆದರೆ ಕೇಳಿ ಪಡೆದ ಕಾನೂನನ್ನು ಈ ಕಚೇರಿಯೇ ಮುಂದೆ ನ್ಯಾಯಾಲಯದಲ್ಲಿ ಸಮರ್ಥಿಸಬೇಕು; ಆ ಭಾರ ಬರಿಯ ಭಾಷಣಕಾರನಿಗಿಲ್ಲ. ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನುಗಳ ಮಾರಾಟವನ್ನು ನಿಷೇಧಿಸುವ ಕಾನೂನು, ಹಲವು ಅಧಿವೇಶನಗಳ ಕೋರಿಕೆಯ ನಂತರ, 2022ರಲ್ಲಿ ಬಂತು. ಮುಂದಿನ ವರ್ಷ ಇದೇ ಕಚೇರಿ ಒಂದು ಅಂಗಡಿಯ ಮೇಲೆ ದಾವೆ ಹೂಡಿತು. 2024ರ ಏಪ್ರಿಲಿನಲ್ಲಿ ಕೌಂಟಿಯ ನ್ಯಾಯಾಧೀಶರು ಕಾನೂನೇ ಸಂವಿಧಾನಕ್ಕೆ ವಿರುದ್ಧವೆಂದರು. ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿಯಲ್ಲಿ ಏಳು ಮಂದಿ ಅದನ್ನು ಎತ್ತಿಹಿಡಿದದ್ದು 2025ರ ಮೇ ತಿಂಗಳಿನಲ್ಲಿ. ಅಷ್ಟರಲ್ಲಿ ಕೇಳಿದವರು ಗವರ್ನರ ಕುರ್ಚಿಯಲ್ಲಿದ್ದರು. ಅಟಾರ್ನಿ ಜನರಲ್ ಆಗಿದ್ದವರು ನಿಕ್ ಬ್ರೌನ್.