ಹೋಟೆಲುಗಳಲ್ಲಿ ಧ್ವನಿ ಎಚ್ಚರಿಕೆ ವ್ಯವಸ್ಥೆ

ಧ್ವನಿ ಎಚ್ಚರಿಕೆ ವ್ಯವಸ್ಥೆಯು ಬೆಂಕಿ ಮೊದಲಾದ ಅಪಾಯಗಳ ಸಂದರ್ಭದಲ್ಲಿ ಧ್ವನಿವರ್ಧಕಗಳ ಮೂಲಕ ಮಾತಿನಲ್ಲಿ ಸೂಚನೆ ನೀಡುವ ಸುರಕ್ಷತಾ ವ್ಯವಸ್ಥೆಯಾಗಿದೆ. ವಸತಿ ಹೋಟೆಲುಗಳಲ್ಲಿ ಹಿನ್ನೆಲೆ ಸಂಗೀತ ಮತ್ತು ಸಾಮಾನ್ಯ ಪ್ರಕಟಣೆಗಳಿಗೂ ಇದೇ ಜಾಲವನ್ನು ಬಳಸುವುದುಂಟು. ಆಗ ಅಪಾಯದ ಸಂದೇಶಕ್ಕೆ ಮೊದಲ ಆದ್ಯತೆಯಿದ್ದು, ಉಳಿದ ಧ್ವನಿಗಳು ತಾವಾಗಿ ನಿಲ್ಲುತ್ತವೆ.

ಅಗತ್ಯ

ಹೋಟೆಲಿನ ಅತಿಥಿಗಳಿಗೆ ಕಟ್ಟಡದ ದಾರಿಗಳು ಅಪರಿಚಿತ. ರಾತ್ರಿ ಅವರು ಬಾಗಿಲು ಮುಚ್ಚಿ ನಿದ್ರಿಸುತ್ತಿರುತ್ತಾರೆ. 1946ರ ಡಿಸೆಂಬರ್ 7ರ ನಸುಕಿನಲ್ಲಿ ಅಮೆರಿಕದ ಅಟ್ಲಾಂಟಾ ನಗರದ ವೈನ್‌ಕಾಫ್ ಹೋಟೆಲಿಗೆ ಬೆಂಕಿ ಬಿದ್ದು 119 ಜನರು ಮೃತಪಟ್ಟರು. ಆ ಹೋಟೆಲಿನಲ್ಲಿ ಸ್ವಯಂಚಾಲಿತ ಅಗ್ನಿ ಎಚ್ಚರಿಕೆ ವ್ಯವಸ್ಥೆ ಇರಲಿಲ್ಲ. 1980ರಲ್ಲಿ ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲಿನ ಕೆಳ ಅಂತಸ್ತಿನಲ್ಲಿ ಬೆಂಕಿ ಹೊತ್ತಿಕೊಂಡಿತು. ಮೃತಪಟ್ಟ 85 ಜನರಲ್ಲಿ ಹೆಚ್ಚಿನವರು ಮೇಲಿನ ಮಹಡಿಗಳಲ್ಲಿ ಹೊಗೆಗೆ ಬಲಿಯಾದರು.

ವಲಯಗಳು ಮತ್ತು ಸಂದೇಶಗಳು

ಕಟ್ಟಡವನ್ನು ಮಹಡಿ, ಸಭಾಂಗಣ, ಅಡುಗೆಮನೆ, ವಾಹನ ನಿಲುಗಡೆ ಮುಂತಾದ ವಲಯಗಳಾಗಿ ವಿಂಗಡಿಸಲಾಗುತ್ತದೆ. ಬಹುಮಹಡಿ ಹೋಟೆಲುಗಳಲ್ಲಿ ಬೆಂಕಿಯಿರುವ ಮತ್ತು ಅದಕ್ಕೆ ಹೊಂದಿಕೊಂಡ ಮಹಡಿಗಳಿಗೆ ಮೊದಲು ತೆರವಿನ ಸೂಚನೆಯನ್ನೂ ಉಳಿದವುಗಳಿಗೆ ಸಿದ್ಧವಾಗಿರುವ ಸೂಚನೆಯನ್ನೂ ನೀಡಬಹುದು. ಇದರಿಂದ ಮೆಟ್ಟಿಲುಗಳಲ್ಲಿ ನೂಕುನುಗ್ಗಲು ಕಡಿಮೆಯಾಗುತ್ತದೆ. ಸಂದೇಶಗಳು ಚಿಕ್ಕದಾಗಿದ್ದು, ಅತಿಥಿಗಳಿಗೆ ತಿಳಿಯುವ ಭಾಷೆಗಳಲ್ಲಿ ಮುದ್ರಿತವಾಗಿರಬೇಕು.

ಶ್ರವ್ಯತೆ ಮತ್ತು ಸ್ಪಷ್ಟತೆ

ಮುಚ್ಚಿದ ಬಾಗಿಲು ಧ್ವನಿಯನ್ನು ಬಹಳಷ್ಟು ತಡೆಯುವುದರಿಂದ ಮೊಗಸಾಲೆಯ ಧ್ವನಿವರ್ಧಕಗಳನ್ನೇ ನಂಬಲಾಗದು. ಕೊಠಡಿಯೊಳಗೂ ಧ್ವನಿವರ್ಧಕ ಬೇಕಾಗುತ್ತದೆ. ಅಮೆರಿಕದ ಎನ್‌ಎಫ್‌ಪಿಎ 72 ಸಂಹಿತೆಯಂತೆ ಮಲಗುವ ಕೋಣೆಯಲ್ಲಿ ಎಚ್ಚರಿಕೆಯ ನಾದವು ದಿಂಬಿನ ಮಟ್ಟದಲ್ಲಿ ಕನಿಷ್ಠ 75 ಡೆಸಿಬೆಲ್ ಇರಬೇಕು. ನಿದ್ರಿಸುವವರನ್ನು ಎಬ್ಬಿಸಲು 520 ಹರ್ಟ್ಸ್ ಆವರ್ತನದ ನಾದವನ್ನು ಅದು ಸೂಚಿಸುತ್ತದೆ. ಕೊಠಡಿಯಲ್ಲಿ ಸಂಗೀತದ ಧ್ವನಿಯನ್ನು ತಗ್ಗಿಸಿದ್ದರೂ ಅಪಾಯದ ಸಂದೇಶ ಪೂರ್ಣ ಮಟ್ಟದಲ್ಲಿ ಕೇಳಿಸಬೇಕು.

ಜೋರಾದ ಧ್ವನಿಯೆಲ್ಲವೂ ಸ್ಪಷ್ಟವಾಗಿರುವುದಿಲ್ಲ. ಅಮೃತಶಿಲೆ ಮತ್ತು ಗಾಜಿನ ವಿಶಾಲ ಪ್ರವೇಶಾಂಗಣಗಳಲ್ಲಿ ಪ್ರತಿಧ್ವನಿಯು ಮಾತನ್ನು ಕಲಸುತ್ತದೆ. ಅಂತಹ ಕಡೆ ಕೆಲವೇ ಪ್ರಬಲ ಧ್ವನಿವರ್ಧಕಗಳಿಗಿಂತ ಕೇಳುಗರಿಗೆ ಹತ್ತಿರವಿರುವ ಹಲವು ಸಣ್ಣ ಧ್ವನಿವರ್ಧಕಗಳು ಸೂಕ್ತ. ಮಾತಿನ ಸ್ಪಷ್ಟತೆಯನ್ನು 0ಯಿಂದ 1ರವರೆಗಿನ ಸೂಚ್ಯಂಕದಿಂದ ಅಳೆಯಲಾಗುತ್ತದೆ, ಸಾಮಾನ್ಯವಾಗಿ 0.5 ಅಥವಾ ಹೆಚ್ಚಿನ ಮೌಲ್ಯವನ್ನು ಗುರಿಯಾಗಿಟ್ಟುಕೊಳ್ಳಲಾಗುತ್ತದೆ.

ವಿಶ್ವಾಸಾರ್ಹತೆ

ಒಂದೇ ಪ್ರದೇಶದ ಧ್ವನಿವರ್ಧಕಗಳನ್ನು ಎರಡು ಪ್ರತ್ಯೇಕ ಮಂಡಲಗಳಿಗೆ ಒಂದುಬಿಟ್ಟೊಂದರಂತೆ ಜೋಡಿಸಿದರೆ, ಒಂದು ಮಂಡಲ ಕೆಟ್ಟರೂ ಸಂದೇಶ ಪೂರ್ಣವಾಗಿ ನಿಲ್ಲುವುದಿಲ್ಲ. ಬೆಂಕಿ ತಾಳುವ ಕೇಬಲ್, ಬದಲಿ ಆಂಪ್ಲಿಫೈಯರ್ ಹಾಗೂ ಬ್ಯಾಟರಿಗಳೂ ಅವಶ್ಯಕ. ಕೊನೆಯ ಪರೀಕ್ಷೆಯನ್ನು ಕೊಠಡಿಯ ಬಾಗಿಲು ಮುಚ್ಚಿ, ಹವಾನಿಯಂತ್ರಕ ಚಾಲೂ ಇರುವಾಗಲೇ ನಡೆಸಬೇಕು. ಖಾಲಿ, ನಿಶ್ಶಬ್ದ ಕಟ್ಟಡದ ಅಳತೆಗಳು ಮಲಗಿರುವ ಅತಿಥಿಯ ಪರಿಸ್ಥಿತಿಯನ್ನು ತೋರಿಸುವುದಿಲ್ಲ.